ತಂಗಿಯ ದನಿಗೆ ಜಾಗ

ಗಂಟಲಿನ ಡಾಕ್ಟರು ಪರದೆಯ ಮೇಲೆ ತೋರಿಸಿದ್ದು ತಂಗಿಯ ಗಂಟಲೊಳಗೆ ದನಿ ಹೊರಡಿಸುವ ಎರಡು ಬಿಳಿ ಎಳೆಗಳನ್ನು. ಒಂದು ನುಣ್ಣಗೆ, ನೇರವಾಗಿತ್ತು. ಇನ್ನೊಂದರ ಅಂಚಿಗೆ ಅಕ್ಕಿಕಾಳಿನಷ್ಟು ದಪ್ಪದ ಗಂಟೊಂದು ಅಂಟಿಕೊಂಡು ಕೂತಿತ್ತು.

"ಇದನ್ನ ತೆಗೀಲೇಬೇಕು," ಅಂದರು ಡಾಕ್ಟರು. "ಬರೋ ವಾರವೇ ಆಪರೇಷನ್. ಮುಂದಕ್ಕೆ ಹಾಕೋ ಮಾತೇ ಇಲ್ಲ."

"ಆಮೇಲೆ ಹಾಡಬಹುದಾ?" ಎಂದು ಕೇಳಿದಳು ತಂಗಿ.

ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. "ಮಾತಾಡ್ತೀರಿ. ಎಳೆ ಎಷ್ಟು ಉಳಿಯತ್ತೋ ಅಷ್ಟು ಮಾತು. ಹಾಡೋದು ಮಾತ್ರ... ಆಸೆ ಇಟ್ಕೋಬೇಡಿ."

ಪಕ್ಕದಲ್ಲಿ ಕೂತಿದ್ದ ಅವಳ ಅಣ್ಣ ಪರದೆಯಿಂದ ಮುಖ ತಿರುಗಿಸಿದ. ತಂಗಿ ಮಾತ್ರ ಶಿಶುವಿಹಾರದಲ್ಲಿ ಹಟಮಾರಿ ಮಗುವಿನ ಮುಂದೆ ಕೂರುವ ಹಾಗೆ ಮೊಣಕೈ ಊರಿ ಮುಂದಕ್ಕೆ ಬಾಗಿದಳು. ಅಲ್ಲಿ ಅವಳು ಟೀಚರು. ಕತೆ ಹೇಳುವಾಗ ನಿಜವಾದ ಹುಲಿಯ ಹಾಗೆ ಗುಟುರು ಹಾಕುತ್ತಾಳೆಂದು ಮಕ್ಕಳು ಅವಳನ್ನು ಹುಲಿ ಮಿಸ್ ಎಂದೇ ಕರೆಯುತ್ತಿದ್ದವು. ಅದೇ ಗುಟುರನ್ನು ಸಂಜೆ ಹೊತ್ತು ಅಣ್ಣನ ಬ್ಯಾಂಡಿನಲ್ಲಿ ಮೈಕಿನ ಮುಂದೆ ಹಾಕುತ್ತಾಳೆಂಬುದು ಮಕ್ಕಳ ತಂದೆತಾಯಿಗಳಿಗೆ ತಿಳಿದಿರಲಿಲ್ಲ.

"ಒಂದು ಹಾಡು ಬಾಕಿ ಇದೆ ಡಾಕ್ಟ್ರೇ. ಮಿಕ್ಕಿದ್ದೆಲ್ಲ ರೆಕಾರ್ಡ್ ಆಗಿದೆ."

"ಎಂಥ ಹಾಡು?"

"ಸ್ವಲ್ಪ ಜೋರಿನದು," ಎಂದ ಅಣ್ಣ.

"ಎಷ್ಟು ಜೋರು?"

"ಹೊರಗೆ ಕಾಯ್ತಾ ಇರೋ ಪೇಷಂಟುಗಳು ಹುಷಾರಾಗಿ ಮನೆಗೆ ಓಡೋಗೋಷ್ಟು," ಎಂದಳು ತಂಗಿ.

ಡಾಕ್ಟರು ನಗಲಿಲ್ಲ. "ಹಾಡಬೇಡಿ ಅಂತಲೇ ನಾನು ಹೇಳೋದು. ಆದರೂ ಹಾಡ್ತೀರಿ ಅಂತ ನಿಮ್ಮ ಮುಖವೇ ಹೇಳ್ತಾ ಇದೆ. ಹಾಗಿದ್ರೆ ಒಂದು ಸಲ. ತೀರಾ ಅಂದ್ರೆ ಇನ್ನೊಂದು ಸಲ. ಕಿರುಚಿ ಒತ್ತಡ ಹಾಕಿದ್ರೆ ಆಮೇಲೆ ಉಳಿಯೋ ಮಾತೂ ಉಳಿಯಲ್ಲ. ಅಲ್ಲೀವರೆಗೂ ಬಾಯಿಗೆ ಬೀಗ."

ಮನೆಗೆ ಬಂದು ವಿಷಯ ಹೇಳಿದಾಗ ಅಮ್ಮ ಒಲೆ ಆರಿಸಿ ಬಂದು ಕೇಳಿಸಿಕೊಂಡಳು. ಆಪರೇಷನ್ನಿನ ಮಾತಿಗೆ ಅತ್ತಳು. ಹಾಡಿನ ಮಾತು ಬಂದದ್ದೇ ಅಳು ನಿಂತಿತು. "ಅವಳಿಗಂತೂ ಬುದ್ಧಿ ಇಲ್ಲ. ದೊಡ್ಡವನು ನಿನಗೂ ಇಲ್ವಾ? ಅವಳ ಗಂಟಲು ಕೊಯ್ಯೋಕೆ ಡಾಕ್ಟ್ರು ಸಾಲದು ಅಂತ ನೀನೂ ನಿಂತ್ಯಾ?" ಎಂದವಳು ಅಂದಿನಿಂದ ಮಗನ ಜೊತೆ ಮಾತು ಬಿಟ್ಟಳು. ತಟ್ಟೆ ಮುಂದಿಡುತ್ತಿದ್ದಳು, ನೀರು ಇಡುತ್ತಿದ್ದಳು, ಮುಖ ಮಾತ್ರ ಗೋಡೆಯ ಕಡೆಗೆ.

ಬ್ಯಾಂಡಿನ ಕೋಣೆ ಟೈರ್ ಅಂಗಡಿಯ ಮೇಲಿತ್ತು. ಮರದ ಹಲಗೆಯ ನೆಲ, ಗೋಡೆಗೆಲ್ಲ ಹಳೆಯ ಹಾಸಿಗೆಗಳು, ಒಂದು ಮೂಲೆಯಲ್ಲಿ ಹಾಡುವವರಿಗೆ ಗಾಜಿನ ಗೂಡು, ಇನ್ನೊಂದರಲ್ಲಿ ರೆಕಾರ್ಡಿಂಗಿನ ಮೇಜು, ಕೆಳಗಿನಿಂದ ಸದಾ ರಬ್ಬರಿನ ವಾಸನೆ. ತಂಗಿ ಕರೆದು ಕರೆದು ಅಲ್ಲಿಗೆ ಬರುವವರಿಗೆಲ್ಲ ಅವನು ಅಣ್ಣನೇ ಆಗಿಬಿಟ್ಟಿದ್ದ. ಅವನಿಗಿಂತ ದೊಡ್ಡವನಾದ ಡ್ರಮ್ಮರ್ ಕೂಡ ಅಣ್ಣಾ ಎನ್ನುತ್ತಿದ್ದ. ಡ್ರಮ್ಮರನ ಗಾತ್ರ ನೋಡಿ ಅವನಿಗೆ ದಡಿಯ ಎಂದು ಹೆಸರು ಬಿದ್ದಿತ್ತು. ಮೊದಲು ಬ್ಯಾಂಡಿನಲ್ಲಿ ನಾಲ್ಕು ಜನ. ಹಾಡಿಗೆ ತಳದ ತಗ್ಗು ಸದ್ದು ಕೊಡುವ ಬೇಸ್ ಗಿಟಾರ್ ನುಡಿಸುತ್ತಿದ್ದ ಕೊಕ್ಕರೆ ತಂಗಿಯ ಗಂಡ. ಉದ್ದ ಕಾಲು, ಉದ್ದ ಕತ್ತು, ಮಾತು ಕಡಿಮೆ. ಮದುವೆ ಮುರಿದುಬಿದ್ದ ವಾರವೇ ಅಣ್ಣ ಅವನ ಗಿಟಾರಿನ ಪೆಟ್ಟಿಗೆಯನ್ನು ಮೆಟ್ಟಿಲ ಕೆಳಗಿಟ್ಟು, "ಇನ್ನು ಈ ಕಡೆ ತಲೆ ಹಾಕಬೇಡ," ಎಂದಿದ್ದ. ಕೊಕ್ಕರೆ ಯಾಕೆ ಎಂದೂ ಕೇಳದೆ ಪೆಟ್ಟಿಗೆ ಎತ್ತಿಕೊಂಡು ಹೋಗಿದ್ದ.

ಅವನು ಹೋದ ಜಾಗ ಖಾಲಿ ಕಾಣಬಾರದೆಂದು ಅಣ್ಣ ತನ್ನ ಗಿಟಾರಿನ ಸದ್ದನ್ನೇ ದಪ್ಪ ಮಾಡುತ್ತ ಬಂದಿದ್ದ. ಅವನದು ಟ್ಯೂಬಿನ ಆಂಪ್ಲಿಫೈಯರ್. ಒಳಗೆ ಸಾಲಾಗಿ ನಿಂತ ಗಾಜಿನ ಟ್ಯೂಬುಗಳು ಕೆಂಡದ ಹಾಗೆ ಕೆಂಪಗೆ ಉರಿಯುತ್ತವೆ. ತಂತಿಯ ಸಣ್ಣ ಸದ್ದನ್ನು ಒಂದು ಇನ್ನೊಂದಕ್ಕೆ ದಾಟಿಸಿ ಉಬ್ಬಿಸುತ್ತ ಹೋಗಿ, ಕೊನೆಗೆ ತಾಳಲಾರದೆ ಸದ್ದು ಹರಿದು ಗರ್ಜಿಸುತ್ತದೆ. ಎಷ್ಟು ಹರಿಯಬೇಕೆಂದು ಹೇಳುವುದು ಗೇನ್ ಎಂಬ ನಾಬ್. ಅಣ್ಣ ಅದನ್ನು ಕೊನೆಯವರೆಗೂ ತಿರುಗಿಸಿಟ್ಟಿದ್ದ. ತಗ್ಗು ಸದ್ದನ್ನು ಉಬ್ಬಿಸುವ ಬೇಸ್ ನಾಬ್ ಕೂಡ ಅದರ ಹಿಂದೆಯೇ. ಒಂದು ತಂತಿ ಮುಟ್ಟಿದರೆ ಕೆಳಗಿನ ಅಂಗಡಿಯಲ್ಲಿ ಟೈರುಗಳು ನಡುಗುತ್ತಿದ್ದವು. ಅದು ಅವನ ಹೆಮ್ಮೆ.

ಆ ಹೆಮ್ಮೆ ಮುರಿದದ್ದು ರೆಕಾರ್ಡಿಂಗ್ ಮಾಡುವ ಹೆಂಗಸಿನ ಮುಂದೆ. ಕೊರಳಿನಿಂದ ಎಂದೂ ಹೆಡ್‌ಫೋನ್ ಇಳಿಸದ ಆಕೆಯನ್ನು ಎಲ್ಲರೂ ಹೆಡ್‌ಫೋನಮ್ಮ ಎನ್ನುತ್ತಿದ್ದರು. ಹಿಂದಿನ ಅಭ್ಯಾಸದ ದಿನ ಸುಮ್ಮನೆ ಹಿಡಿದಿಟ್ಟಿದ್ದ ಆ ಬಾಕಿ ಹಾಡನ್ನು ಆಕೆ ಹಾಕಿ ಕೇಳಿಸಿದಳು.

"ಇದರಲ್ಲಿ ನಿನ್ನ ತಂಗಿ ಎಲ್ಲಿದಾಳೆ, ಹುಡುಕಿ ಕೊಡು ನೋಡೋಣ."

ಅಣ್ಣ ಕಿವಿಗೊಟ್ಟ. ಡ್ರಮ್ಮು ಇತ್ತು. ಗಿಟಾರ್ ಇತ್ತು, ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ತಂತಿಯನ್ನು ಅಂಗೈಯಲ್ಲಿ ಅದುಮಿ ಹೊಡೆದಾಗ ಬಾಗಿಲು ಬಡಿದು ಚಿಲಕ ಬಿದ್ದ ಹಾಗೆ ಧಕ್ ಎಂದು ನಿಲ್ಲಬೇಕಾದ ಸದ್ದು, ಒದ್ದೆ ಹಾಸಿಗೆಗೆ ಕೋಲಿನಿಂದ ಬಾರಿಸಿದ ಹಾಗೆ ಧೊಬ್ ಎಂದು ಬಿದ್ದು ಹರಡಿಕೊಳ್ಳುತ್ತಿತ್ತು. ಒಂದು ಏಟಿನ ಬಾಲ ಇನ್ನೊಂದು ಏಟಿನ ಮೇಲೆ. ಆ ರಾಡಿಯೊಳಗೆಲ್ಲೋ ತಂಗಿಯ ದನಿ, ಕೆಸರಿನಲ್ಲಿ ಸಿಕ್ಕಿಕೊಂಡವರ ಕೈಯ ಹಾಗೆ ಆಗೀಗ ಮೇಲೆ ಬಂದು ಮುಳುಗುತ್ತಿತ್ತು.

"ಮುಂಚೆ ಹೀಗಿರಲಿಲ್ಲ," ಎಂದ.

"ಮುಂಚೆ ಅವಳ ದನಿ ನಿನ್ನ ಗದ್ದಲ ಸೀಳ್ಕೊಂಡು ಬರೋದು. ಈಗ ಆ ಅಲಗು ಹೋಗಿದೆ. ಇನ್ನೊಂದು ಮಾತು. ಹಾಡೋರಿಗೆ ತಮ್ಮ ದನಿ ತಮಗೇ ಕೇಳದೇ ಹೋದ್ರೆ ಏನು ಮಾಡ್ತಾರೆ? ಕಿರುಚ್ತಾರೆ."

ಕಿರುಚಿ ಒತ್ತಡ ಹಾಕಿದರೆ ಮಾತೂ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದು ಅಣ್ಣನಿಗೆ ನೆನಪಾಯಿತು.

ಅವಳ ದನಿಯನ್ನು ಮೊದಲು ಹಿಡಿದಿಟ್ಟು, ಗಿಟಾರನ್ನು ಆಮೇಲೆ ನಿಧಾನವಾಗಿ ಸೇರಿಸಬಹುದಲ್ಲ ಎಂದು ಹೆಡ್‌ಫೋನಮ್ಮ ಹೇಳದೆ ಇರಲಿಲ್ಲ. ತಂಗಿ ಶಿಶುವಿಹಾರದಿಂದ ತಂದಿದ್ದ ಸ್ಲೇಟಿನ ಮೇಲೆ ಆಗಲೇ ಬರೆದು ತೋರಿಸಿದ್ದಳು: 'ತಾಳಕ್ಕೆ ಟಕ್ ಟಕ್ ಅನ್ನೋ ಯಂತ್ರದ ಮುಂದೆ ನಾನೊಬ್ಬಳೇ ಹಾಡಲ್ಲ.' ಹಟ ಮಾತ್ರವಲ್ಲ ಅದು. ಆ ಹಾಡು ಹಿಗ್ಗುತ್ತ ಕುಗ್ಗುತ್ತ, ದಡಿಯನ ಕಾಲು ಎಲ್ಲಿ ತಡೆಯುತ್ತದೋ ಅಲ್ಲಿ ಉಸಿರು ತೆಗೆದುಕೊಂಡು ನಡೆಯುವ ಹಾಡು. ಎಲ್ಲರೂ ಒಟ್ಟಿಗೆ ನುಡಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅಣ್ಣ ಲಿಫ್ಟ್ ರಿಪೇರಿಯ ಕೆಲಸಕ್ಕೆ ರಜೆ ಹಾಕಿ ಬೆಳಗ್ಗೆಯೇ ಟೈರ್ ಅಂಗಡಿಯ ಮೆಟ್ಟಿಲು ಹತ್ತತೊಡಗಿದ. ಮೊದಲು ಬೇಸ್ ಇಳಿಸಿದ. ಸದ್ದು ಸ್ವಲ್ಪ ಸಣ್ಣಗಾಯಿತು, ಆದರೆ ಸಡಿಲ ಹಾಗೆಯೇ ಉಳಿಯಿತು. ದಪ್ಪ ಸಡಿಲ ಹೋಗಿ ತೆಳ್ಳಗಿನ ಸಡಿಲ ಬಂತು, ಅಷ್ಟೆ. ಗೇನ್ ಅರ್ಧಕ್ಕೆ ಇಳಿಸಿದ. ಸಂತೆಯ ನಡುವೆ ಲುಂಗಿ ಬಿಚ್ಚಿದಂತಾಗಿ ಮತ್ತೆ ಏರಿಸಿದ. ಸ್ಪೀಕರ್ ಪೆಟ್ಟಿಗೆ ಟೊಳ್ಳು ಹಲಗೆಯ ಮೇಲೆ ನಿಂತು ನೆಲವನ್ನೂ ನಡುಗಿಸುತ್ತಿದೆ ಎನಿಸಿ, ಅಂಗಡಿಯವನನ್ನು ಕಾಡಿ ಬೇಡಿ ಸವೆದ ಟೈರುಗಳನ್ನು ತಂದು ಪೆಟ್ಟಿಗೆಯನ್ನು ಅವುಗಳ ಮೇಲೆ ಕೂರಿಸಿದ. ಅದರಿಂದ ಗುಂಯ್‌ಗುಡುವುದು ಒಂದಿಷ್ಟು ಇಳಿಯಿತು. ಆಸೆ ಚಿಗುರಿತು. ಟ್ಯೂಬು ಹಳತಾದವೇನೋ ಎಂದು ಹೊಸ ಜೋಡಿ ತಂದು ಹಾಕಿದ. ಏಟು ಒಂಚೂರು ಗಟ್ಟಿಯಾಯಿತು, ರಾಡಿ ಮಾತ್ರ ತಿಳಿಯಾಗಲಿಲ್ಲ. ತಂತಿ ಬದಲಿಸಿದ, ತಂತಿ ಮೀಟಲು ದಪ್ಪನೆಯ ಪಿಕ್ ಹಿಡಿದ, ಗಿಟಾರಿನ ಬುಡದಲ್ಲಿ ತಂತಿ ಕೂರುವ ಪಟ್ಟಿಗೆ ಒತ್ತಿ ಒತ್ತಿ ಅಂಗೈಯ ಚರ್ಮ ಕಿತ್ತು ಬಂತು.

ಪ್ರತಿ ಸಂಜೆ ಮನೆಗೆ ಬಂದಾಗ ತಂಗಿ ಹುಬ್ಬು ಹಾರಿಸಿ ಕೇಳುತ್ತಿದ್ದಳು, ಏನಾಯ್ತು? "ಆಗ್ತಾ ಇದೆ," ಎನ್ನುತ್ತಿದ್ದ. ಆಗುತ್ತಿರಲಿಲ್ಲ. ಬಿಸಿನೀರಿನ ಆವಿಗೆ ಮುಖವೊಡ್ಡಿ ಟವೆಲ್ಲಿನ ಒಳಗೆ ಕೂತ ಅವಳು ಕೆಮ್ಮಿದಾಗಲೆಲ್ಲ ಅವನು ಕಿವಿಗೊಡುತ್ತಿದ್ದ. ಕೆಮ್ಮಿಗೂ ಮುಂಚಿನ ಗಡಸು ಇರಲಿಲ್ಲ.

ಕೊನೆಗೆ ಅವನು ಮಾಡಬಾರದ್ದನ್ನು ಮಾಡಿದ. ಆಂಪ್ಲಿಫೈಯರಿನ ಹೊಟ್ಟೆ ಬಿಚ್ಚಿದ. ಒಂದು ಟ್ಯೂಬಿನಿಂದ ಇನ್ನೊಂದಕ್ಕೆ ಸದ್ದು ದಾಟುವ ಹಾದಿಯಲ್ಲಿರುವ ಕೆಪಾಸಿಟರನ್ನು ಚಿಕ್ಕದು ಮಾಡಿದರೆ ತಗ್ಗು ಸದ್ದು ಅಲ್ಲೇ ತಡೆದು ನಿಲ್ಲುತ್ತದೆ ಎಂದು ಅವನಿಗೆ ಗೊತ್ತಿತ್ತು. ಪ್ಲಗ್ ಕಿತ್ತರೂ ಅದರೊಳಗೆ ಜೀವ ತೆಗೆಯುವಷ್ಟು ಕರೆಂಟು ಅಡಗಿ ಕೂತಿರುತ್ತದೆಂದೂ ಗೊತ್ತಿದ್ದು ಅದನ್ನು ಮೊದಲು ಇಳಿಸಿದ. ಗೊತ್ತಿಲ್ಲದೆ ಹೋದದ್ದು ತನ್ನ ಕೈ ಎಷ್ಟು ನಡುಗುತ್ತಿದೆ ಎಂಬುದು. ಬೆಸುಗೆ ಹಾಕಿ ಸ್ವಿಚ್ ಒತ್ತಿದ ಕೂಡಲೇ ಪಟ್ ಎಂದು ಫ್ಯೂಸ್ ಹಾರಿ, ಹಿಂದಿನಿಂದ ನೀಲಿ ಹೊಗೆಯ ಎಳೆಯೊಂದು ಎದ್ದಿತು.

ದಡಿಯ ಬಂದಾಗ ಅಣ್ಣ ನೆಲದ ಮೇಲೆ ಕಾಲು ಚಾಚಿ ಕೂತಿದ್ದ. ಮುಂದೆ ತೆರೆದ ಆಂಪ್ಲಿಫೈಯರ್, ತಿರುಪುಗಳು, ಸುಟ್ಟ ವಾಸನೆ.

"ಸತ್ತೋಯ್ತಾ?"

"ನಾಳಿದ್ದು ರೆಕಾರ್ಡಿಂಗು," ಎಂದ ಅಣ್ಣ. "ನಾಳಿದ್ದು ಕಣೋ. ಅವಳು ನನ್ನ ನಂಬಿ ಒಂದು ವಾರದಿಂದ ಬಾಯಿ ಬಿಟ್ಟಿಲ್ಲ." ಅಂಗೈಯಿಂದ ಮುಖ ಮುಚ್ಚಿಕೊಂಡು ಬಿಕ್ಕಿದ. ದಡಿಯ ತನ್ನ ಮೊಬೈಲಿನ ಬೆಳಕು ಹಾಕಿ ಆಂಪ್ಲಿಫೈಯರಿನ ಒಳಗೆ ಹಿಡಿದುಕೊಂಡು ನಿಂತ. ಆ ಬೆಳಕಿನಲ್ಲೇ ಕಂಡಿತು: ಟ್ಯೂಬಿನ ಬುಡದ ಎರಡು ಕಾಲುಗಳ ನಡುವೆ ಸೇತುವೆಯಾಗಿ ಬಿದ್ದಿದ್ದ ಒಂದು ತೊಟ್ಟು ಬೆಸುಗೆ. ಕೆರೆದು ತೆಗೆದರು. ಹಳೆಯ ಕೆಪಾಸಿಟರನ್ನೇ ಮರಳಿ ಹಾಕಿ, ಹೊಸ ಫ್ಯೂಸ್ ಕೂರಿಸಿದರು. ಟ್ಯೂಬುಗಳು ಮತ್ತೆ ಕೆಂಪಗಾದವು. ಬದುಕಿತು ಎಂಬುದನ್ನು ಬಿಟ್ಟರೆ ಕತೆ ಮೊದಲಿನ ಜಾಗಕ್ಕೇ ಬಂದು ನಿಂತಿತ್ತು.

ಆಗ ಹೆಡ್‌ಫೋನಮ್ಮ ತನ್ನ ಡ್ರಾಯರಿನಿಂದ ಗಿಟಾರಿನ ಸದ್ದು ಬದಲಿಸಲು ಕಾಲಲ್ಲಿ ಒತ್ತುವ ಒಂದು ಸಣ್ಣ ಪೆಡಲ್ ತಂದು ಮುಂದಿಟ್ಟಳು. ಅಣ್ಣ ಇಷ್ಟು ದಿನ ಪೆಡಲ್ ಎಂದರೆ ಮೂಗು ಮುರಿಯುತ್ತಿದ್ದವನು. ಟ್ಯೂಬಿದ್ದ ಮೇಲೆ ಊರುಗೋಲು ಯಾಕೆ ಎನ್ನುತ್ತಿದ್ದ. ಈಗ ಬಗ್ಗಿ ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಅದನ್ನು ಸಿಕ್ಕಿಸಿದ. ಪೆಡಲಿನಲ್ಲಿ ಸದ್ದು ಹರಿಯುವ ಡ್ರೈವ್ ನಾಬನ್ನು ಪೂರ್ತಿ ಇಳಿಸಿ, ಜೋರು ಹೆಚ್ಚಿಸುವ ಲೆವೆಲ್ ಮಾತ್ರ ಏರಿಸಿದ. ಅದರ ಕೆಲಸ ಗರ್ಜಿಸುವುದಲ್ಲ, ತಗ್ಗು ಸದ್ದನ್ನು ಬಾಗಿಲಲ್ಲೇ ತಡೆದು ಮಿಕ್ಕಿದ್ದನ್ನು ಮೊದಲ ಟ್ಯೂಬಿನ ಮೇಲೆ ಬಿಗಿಯಾಗಿ ತಳ್ಳುವುದು. ಆಂಪ್ಲಿಫೈಯರಿನ ಗೇನನ್ನು ಅರ್ಧಕ್ಕಿಂತ ಕೆಳಗಿಳಿಸಿ, ನಡುವಣ ಸದ್ದಿನ ಮಿಡ್ ನಾಬ್ ಏರಿಸಿ, ತಂತಿ ಅದುಮಿ ಹೊಡೆದ.

ಧಕ್.

ಬಾಗಿಲು ಮುಚ್ಚಿತು. ಆಮೇಲೆ ಏನೂ ಇರಲಿಲ್ಲ. ಏಟಿಗೂ ಏಟಿಗೂ ನಡುವೆ ನಿಜವಾದ ಮೌನವಿತ್ತು.

ಅಣ್ಣ ಮತ್ತೆ ಮತ್ತೆ ಹೊಡೆದ. ಸಂತೋಷಕ್ಕೆ ಕೂಗಬೇಕೆನಿಸಿತು. ದಡಿಯ ಓಡಿ ಹೋಗಿ ಡ್ರಮ್ಮಿನ ಹಿಂದೆ ಕೂತ. ಇಬ್ಬರೂ ಹಾಡನ್ನು ಮೊದಲಿನಿಂದ ನುಡಿಸಿದರು. ಅರ್ಧಕ್ಕೆ ಬರುವಷ್ಟರಲ್ಲಿ ಇಬ್ಬರ ಮುಖವೂ ಇಳಿದುಹೋಗಿತ್ತು. ಗಿಟಾರ್ ಗರಗಸದ ಹಾಗೆ ಚೂಪಾಗಿತ್ತು, ಅಚ್ಚುಕಟ್ಟಾಗಿತ್ತು, ಆದರೆ ಹಾಡಿಗೆ ನೆಲವೇ ಇರಲಿಲ್ಲ. ಗೋಡೆ ನಿಂತ ಮನೆಯೊಳಗೆ ಕಾಲಿಟ್ಟರೆ ಪಾತಾಳ.

ದಡಿಯ ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡ. ಬೆವರೊರೆಸಿಕೊಂಡ. ಕೊನೆಗೆ, "ಅಣ್ಣಾ, ಬಯ್ಯಬೇಡ," ಎಂದ. "ಕೊಕ್ಕರೆ ಬೇಕು."

ಕೊಕ್ಕರೆಯದು ಕನ್ನಡಕದ ಅಂಗಡಿಯಲ್ಲಿ ಕೆಲಸ. ಅಣ್ಣ ಒಳಗೆ ಹೋದಾಗ ಅವನು ಒಬ್ಬ ಮುದುಕಿಯ ಮೂಗಿನ ಮೇಲೆ ಫ್ರೇಮ್ ಕೂರಿಸಿ, ಕಿವಿಯ ಹಿಂದೆ ಬೆರಳಾಡಿಸಿ ಒತ್ತುತ್ತದೆಯೇ ಎಂದು ನೋಡುತ್ತಿದ್ದ. ಅಣ್ಣನನ್ನು ಕಂಡೂ ಕೆಲಸ ನಿಲ್ಲಿಸಲಿಲ್ಲ. ಮುದುಕಿ ಹೋದ ಮೇಲೆ ಕೈ ಒರೆಸಿಕೊಳ್ಳುತ್ತ, "ಕಣ್ಣು ತೋರಿಸ್ಕೋಬೇಕಾ?" ಎಂದು ಕೇಳಿದ.

"ಬೇಸ್ ನುಡಿಸಬೇಕು. ನಾಳಿದ್ದು ಬೆಳಗ್ಗೆ. ಒಂದೇ ಹಾಡು."

"ತಲೆ ಹಾಕಬೇಡ ಅಂದಿದ್ರಿ."

"ಅಂದಿದ್ದೆ."

"ಅವಳು ಹೇಳಿ ಕಳಿಸಿದ್ಲಾ?"

"ಇಲ್ಲ. ಅವಳಿಗೆ ಗೊತ್ತೇ ಇಲ್ಲ."

"ಹಾಗಾದ್ರೆ ಹೋಗಿ ಬನ್ನಿ," ಎಂದು ಕೊಕ್ಕರೆ ಗಾಜಿನ ಕಪಾಟಿನ ಕಡೆ ತಿರುಗಿದ.

ಅಣ್ಣ ಅವನ ಬೆನ್ನಿಗೇ ಹೇಳಿದ. ಗಂಟಿನ ವಿಷಯ, ಆಪರೇಷನ್ನಿನ ವಿಷಯ, ಒಂದು ಸಲ, ತೀರಾ ಅಂದರೆ ಇನ್ನೊಂದು ಸಲ ಎಂದು ಡಾಕ್ಟರು ಹೇಳಿದ್ದು. ಕೊಕ್ಕರೆ ತಿರುಗಲಿಲ್ಲ. ಕೈಯಲ್ಲಿದ್ದ ಕನ್ನಡಕವನ್ನು ಕಪಾಟಿನಲ್ಲಿಡಲು ಹೋಗಿ, ಇಡಲಾರದೆ, ಹಿಡಿದುಕೊಂಡೇ ನಿಂತ. ಎದುರಿನ ಕನ್ನಡಿಗಳಲ್ಲೆಲ್ಲ ಅವನ ಮುಖ ತುಂಡು ತುಂಡಾಗಿ ಕಾಣುತ್ತಿತ್ತು.

"ನನಗ್ಯಾರೂ ಹೇಳಲಿಲ್ಲ," ಎಂದ.

"ಈಗ ಹೇಳ್ತಾ ಇದೀನಲ್ಲ."

"ನೀವು ಹೇಳಿದ್ರೆ ಆಗಲ್ಲ. ಅವಳು ಬಾ ಅನ್ನಲಿ. ಬರ್ತೀನಿ."

ಮನೆಗೆ ಹೋಗುವ ದಾರಿಯುದ್ದಕ್ಕೂ ಅಣ್ಣ ಮಾತು ಜೋಡಿಸಿದ. ಒಂದೂ ಸರಿ ಬರಲಿಲ್ಲ. ತಂಗಿ ಬಾಲ್ಕನಿಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಅವನು ನಿಂತಲ್ಲೇ ಎಲ್ಲ ಹೇಳಿ ಮುಗಿಸಿದ. ಅವಳು ಸ್ಲೇಟಿನ ಕಡೆ ಕೈ ಚಾಚಿದಳು, ಬಳಪ ಹಿಡಿದಳು, ಆಮೇಲೆ ಬಳಪವನ್ನು ಪಕ್ಕಕ್ಕೆ ಎಸೆದಳು.

"ಅವನನ್ನ ತೆಗೆದುಹಾಕು ಅಂತ ನಾನ್ಯಾವತ್ತು ಹೇಳಿದ್ದೆ?" ಒಡೆದ ಕೊಳಲಿನಿಂದ ಬಂದ ಹಾಗಿತ್ತು ದನಿ.

"ಮಾತಾಡಬೇಡ! ಬರಿ, ಬರಿ..."

"ಇಲ್ಲ, ಮಾತಾಡ್ತೀನಿ. ನಾನು ಬಿಟ್ಟಿದ್ದು ಗಂಡನ್ನ. ಬೇಸ್‌ನವನನ್ನ ಬಿಟ್ಟಿದ್ದು ನೀನು."

"ನಿನಗೋಸ್ಕರ ಅಲ್ವೇನೇ?"

"ನನ್ನನ್ನ ಕೇಳಿದ್ಯಾ?"

ಒಳಗೆ ಅಮ್ಮ ಪಾತ್ರೆ ತೊಳೆಯುವುದು ನಿಂತಿತ್ತು, ಕೇಳಿಸಿಕೊಳ್ಳುತ್ತಿದ್ದಳು. ತಂಗಿ ಗಂಟಲು ಹಿಡಿದುಕೊಂಡು ಒಂದೆರಡು ಬಾರಿ ಉಗುಳು ನುಂಗಿದಳು. ನೋವಿಗೆ ಕಣ್ಣಲ್ಲಿ ನೀರು ಬಂತು. ಆಮೇಲೆ ಮೊಬೈಲ್ ತೆಗೆದುಕೊಂಡು ಒಂದಕ್ಷರ ಒತ್ತಿ, ಅಣ್ಣನ ಮುಖದ ಮುಂದೆ ಹಿಡಿದಳು. ಕೊಕ್ಕರೆಗೆ ಹೋದ ಸಂದೇಶ: 'ಬಾ.'

ರೆಕಾರ್ಡಿಂಗಿನ ಬೆಳಗ್ಗೆ ಕೊಕ್ಕರೆ ಎಲ್ಲರಿಗಿಂತ ಮೊದಲು ಬಂದು ಮೆಟ್ಟಿಲ ಮೇಲೆ ಕೂತಿದ್ದ. ತಂಗಿಯನ್ನು ಕಂಡು ಎದ್ದು ನಿಂತ. ಅವಳು ಅವನ ಕಾಲರನ್ನು ನೋಡಿ, ಒಂದು ಕಡೆ ಮಡಿಚಿಕೊಂಡಿದ್ದನ್ನು ನೇರ ಮಾಡಲು ಕೈ ಎತ್ತಿ, ನೆನಪಾಗಿ ಕೈ ಇಳಿಸಿದಳು. ಅವನೇ ಸರಿ ಮಾಡಿಕೊಂಡ. ಅಷ್ಟಕ್ಕೇ ಅವರ ಮಾತುಕತೆ ಮುಗಿಯಿತು.

ತಂಗಿ ಗಾಜಿನ ಸಣ್ಣ ಗೂಡಿನೊಳಗೆ ನಿಂತಳು. ಹೊರಗೆ ಮೂವರು. ಅವಳನ್ನು ದಣಿಸದೆ ಮೂವರೇ ಮೊದಲೊಮ್ಮೆ ನುಡಿಸಿದರು. ಕೊಕ್ಕರೆಯ ಬೇಸ್ ಕೆಳಗಿನಿಂದ ಎದ್ದು ಬಂದದ್ದೇ ಅಣ್ಣನ ಮೈ ಜುಮ್ಮೆಂದಿತು. ತನ್ನ ಗಿಟಾರ್ ಈಗ ಎಷ್ಟು ಸಪೂರವಾಗಿದೆ ಎಂದು ಅವನಿಗೆ ನಾಚಿಕೆಯಾಗುತ್ತಿದ್ದರೂ, ಎರಡೂ ಕೂಡಿದಾಗ ಕೇಳುವುದು ಒಂದೇ ಸದ್ದು. ಯಾವುದು ಯಾರದ್ದೆಂದು ಬಿಡಿಸಿ ಹೇಳುವಂತಿರಲಿಲ್ಲ. ಹೆಡ್‌ಫೋನಮ್ಮ ತನ್ನ ಮೇಜಿನಿಂದ ಬೆರಳೆತ್ತಿದಳು. ಸುರು.

ತಂಗಿ ಮೊದಲ ಸಾಲು ಹಾಡಿದಳು. ಕಿರುಚಲಿಲ್ಲ. ಕಿರುಚುವ ಅಗತ್ಯವೇ ಬೀಳಲಿಲ್ಲ. ಅಣ್ಣನ ಏಟು ಬಿದ್ದು ಮುಚ್ಚಿದ ಕೂಡಲೇ ಉಳಿಯುವ ಆ ಚೂರು ಮೌನದಲ್ಲಿ ಅವಳ ದನಿ ಬಂದು ನಿಲ್ಲುತ್ತಿತ್ತು. ಒರಟಾಗಿತ್ತು, ಅಂಚು ಸವೆದಿತ್ತು, ಆದರೆ ಮಾತು ಮಾತೂ ಕೇಳುತ್ತಿತ್ತು. ಅಣ್ಣ ಕಣ್ಣು ಮುಚ್ಚಿ ಕೈಯ ಮೇಲೇ ಗಮನವಿಟ್ಟ. ಬೆರಳು ಒಂದು ಕೂದಲೆಳೆ ತಡ ಮಾಡಿದರೂ ಅವಳ ಜಾಗ ಹೋಗುತ್ತದೆ ಎಂಬ ಭಯದಲ್ಲಿ ಉಸಿರಾಡುವುದನ್ನೂ ಮರೆತ.

ಎರಡನೆಯ ಚರಣದ ನಡುವೆ ಗುಟುರಿಗೆ ಏರುವಲ್ಲಿ ದನಿ ಫಕ್ಕನೆ ಕಡಿದುಹೋಯಿತು. ಕಣ್ಣು ತೆರೆದರೆ ತಂಗಿ ಬಾಯಿಗೆ ಕರವಸ್ತ್ರ ಒತ್ತಿ ಬಗ್ಗಿದ್ದಳು. ತೆಗೆದಾಗ ಬಟ್ಟೆಯ ಮೇಲೆ ಕೆಂಪು ಗೀರು. ಅಣ್ಣನ ಕೈ ತಾನಾಗಿಯೇ ನಿಂತಿತು. ದಡಿಯನೂ ಕೊಕ್ಕರೆಯೂ ಇನ್ನೂ ನುಡಿಸುತ್ತಲೇ ಇದ್ದರು. ಗಿಟಾರಿಲ್ಲದೆ ಅದು ಕುಂಟುತ್ತ ಹೋಗಿ ನಿಂತುಕೊಂಡಿತು.

ತಂಗಿ ಗಾಜಿನ ಬಾಗಿಲು ತಳ್ಳಿಕೊಂಡು ಬಂದಳು. "ಯಾಕೆ ನಿಲ್ಸಿದೆ? ನಾನು ಮತ್ತೆ ಹಿಡ್ಕೊಳ್ತಾ ಇದ್ದೆ!"

"ರಕ್ತ ಬಂತಲ್ಲೇ! ಸಾಕು. ಇಷ್ಟೇ ಇರಲಿ. ಬೇಡ ಮಾರಾಯ್ತಿ, ನಿನ್ನ ಕಾಲಿಗೆ ಬೀಳ್ತೀನಿ." ಅಣ್ಣ ಗಿಟಾರಿನ ಪಟ್ಟಿ ಕಳಚತೊಡಗಿದ. ಕೊಂಡಿ ಸಿಗಲಿಲ್ಲ. "ಅಮ್ಮ ಹೇಳಿದ್ದೇ ಸರಿ. ನಾನೇ ನಿನ್ನ..."

"ಅವಳ ಗಂಟಲು ಅವಳಿಗೆ ಗೊತ್ತು," ಎಂದ ಕೊಕ್ಕರೆ. ಬಂದಾಗಿನಿಂದ ಅವನು ಆಡಿದ ಮೊದಲ ಮಾತು ಅದು. ಅಣ್ಣನಿಗೆ ಅವನ ಕತ್ತು ಹಿಸುಕಬೇಕೆನಿಸಿತು. ಆದರೆ ಕೊಕ್ಕರೆಯ ಮುಖ ಕೂಡ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು.

ಹೆಡ್‌ಫೋನಮ್ಮ ನಡುವೆ ಬಂದಳು. ಮೊದಲರ್ಧ ಚೆನ್ನಾಗಿಯೇ ಬಂದಿದೆ, ಅದನ್ನು ಮುಟ್ಟುವುದು ಬೇಡ; ಎರಡನೆಯ ಚರಣದಿಂದ ಕೊನೆಯವರೆಗೆ ಮಾತ್ರ ಹಾಡಿದರೆ ತಾನು ಜೋಡಿಸುತ್ತೇನೆ ಎಂದಳು. ತಂಗಿಗೆ ಅದು ಇಷ್ಟವಿರಲಿಲ್ಲ. ಪೂರ್ತಿ ಹಾಡಬೇಕೆಂದು ಬಾಯಿ ತೆರೆದಳು. ಅಣ್ಣ ಅವಳ ಮುಂದೆ ಕೈ ಮುಗಿದು ನಿಂತ. ಅವಳು ಅವನನ್ನು ನೋಡಿದಳು, ಬಾಯಿ ಮುಚ್ಚಿದಳು, ನೀರು ಕುಡಿದು ಗೂಡಿನೊಳಗೆ ಹೋದಳು.

"ಈ ಸಲ ಏನೇ ಆದ್ರೂ ನಿಲ್ಲಿಸಬೇಡ," ಎಂದ ದಡಿಯ ಮೆಲ್ಲಗೆ.

ಅಣ್ಣ ನಿಲ್ಲಿಸಲಿಲ್ಲ. ಈ ಸಲ ಕಣ್ಣು ಮುಚ್ಚಲೂ ಇಲ್ಲ. ಅವಳ ಕತ್ತಿನ ನರ ಉಬ್ಬುವುದನ್ನು ನೋಡುತ್ತ, ಏಟಿನ ಮೇಲೆ ಏಟು ಮುಚ್ಚುತ್ತ ಹೋದ. ಗುಟುರಿನ ಜಾಗ ಬಂತು. ದನಿ ಮತ್ತೆ ಕಡಿಯಿತು. ಅವಳು ಉಸಿರೆಳೆದು ಮತ್ತೆ ಹಿಡಿದಳು. ಕೊನೆಯ ಸಾಲಿನಲ್ಲಿ ಬಂದದ್ದು ಗುಟುರಲ್ಲ, ರಾಗವೂ ಅಲ್ಲ. ಒಣಗಿದ ಕಟ್ಟಿಗೆ ಉದ್ದಕ್ಕೂ ಸೀಳುವಂಥ ಬರಿಯ ಸದ್ದು. ಅದು ಎಷ್ಟು ಹೊತ್ತು ನಡೆಯಿತೋ. ಅಣ್ಣನ ಕೈ ತನ್ನ ಪಾಡಿಗೆ ಧಕ್, ಧಕ್ ಎನ್ನುತ್ತಲೇ ಇತ್ತು, ಕೆಳಗೆ ಕೊಕ್ಕರೆ ಅದನ್ನು ಹೊತ್ತು ನಿಂತಿದ್ದ. ಹಾಡು ಮುಗಿಯಿತು. ಟೈರ್ ಅಂಗಡಿಯಲ್ಲಿ ಯಾರೋ ಗಾಳಿ ತುಂಬಿಸುತ್ತಿದ್ದ ಸದ್ದು ಕೇಳಿಸಿತು.

ಗೂಡಿನೊಳಗೆ ತಂಗಿ ಏನೋ ಹೇಳಲು ಹೋದಳು. ತುಟಿ ಆಡಿತು, ದನಿ ಬರಲಿಲ್ಲ.

ಆಪರೇಷನ್ ಹೇಳಿದ ದಿನವೇ ನಡೆಯಿತು. ಡಾಕ್ಟರು ಹೊರಬಂದು, ಗಂಟು ಪೂರ್ತಿ ಹೋಗಿದೆ, ಜೀವಕ್ಕೆ ಭಯವಿಲ್ಲ, ಆದರೆ ಎಣಿಸಿದ್ದಕ್ಕಿಂತ ಹೆಚ್ಚು ಎಳೆ ತೆಗೆಯಬೇಕಾಯಿತು ಎಂದರು. ಹಾಡಿದ್ದರಿಂದ ಹೀಗಾಯಿತೇ ಎಂದು ಅಣ್ಣ ಕೇಳಿದ. "ಹೇಳೋಕಾಗಲ್ಲ," ಎಂದರು ಅವರು. ಇಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ; ಆ ಉತ್ತರವನ್ನು ಅಣ್ಣ ಇಂದಿಗೂ ಹೊತ್ತುಕೊಂಡಿದ್ದಾನೆ. ಪಕ್ಕದಲ್ಲಿದ್ದ ಅಮ್ಮ ಅವನ ತೋಳು ಹಿಡಿದುಕೊಂಡಳು, ಮನೆ ಮುಟ್ಟುವವರೆಗೂ ಬಿಡಲಿಲ್ಲ.

ಗಾಯ ಮಾಯ್ದ ಮೇಲೆ ತಂಗಿಗೆ ಉಳಿದದ್ದು ಪಿಸುಮಾತು. ಶಿಶುವಿಹಾರದಲ್ಲಿ ಅವಳನ್ನು ಮರಳಿ ಸೇರಿಸಿಕೊಳ್ಳಲು ಅನುಮಾನಿಸಿದರು, ಗಲಾಟೆ ಮಾಡುವ ಮಕ್ಕಳನ್ನು ಪಿಸುಗುಟ್ಟಿ ಹಿಡಿಯುವುದು ಹೇಗೆಂದು. ಆದದ್ದೇ ಬೇರೆ. ಮಿಸ್ ಪಿಸುಗುಟ್ಟುತ್ತಾಳೆಂದು ಮಕ್ಕಳೂ ಪಿಸುಗುಟ್ಟತೊಡಗಿದವು. ಪಕ್ಕದ ತರಗತಿಯ ಟೀಚರ್ ಮಕ್ಕಳು ಇದ್ದಾರೋ ಇಲ್ಲವೋ ಎಂದು ಬಂದು ಇಣುಕಿ ನೋಡುವಂತಾಯಿತು. ಕೊಕ್ಕರೆ ಬ್ಯಾಂಡಿಗೆ ಮರಳಿದ, ಮನೆಗಲ್ಲ. ಅದನ್ನು ಯಾರೂ ಕೇಳಲೂ ಇಲ್ಲ.

ಹಾಡು ಸಿದ್ಧವಾಗಿ ಬಂದರೂ ತಂಗಿ ಕೇಳುವ ಗೋಜಿಗೆ ಹೋಗಿರಲಿಲ್ಲ. ಒಂದು ಮಧ್ಯಾಹ್ನ, ಅಮ್ಮ ಮಲಗಿದ್ದಾಗ, ಅವಳಾಗಿಯೇ ಅಡಿಗೆಮನೆಯ ಮೇಜಿನ ಮೇಲೆ ಸ್ಪೀಕರ್ ಇಟ್ಟು ಅಣ್ಣನನ್ನು ಕರೆದಳು. ಇಬ್ಬರೂ ಎದುರುಬದುರು ಕೂತರು. ಹಾಡು ಸುರುವಾಯಿತು. ಅವಳು ಮೇಜಿನ ಅಂಚನ್ನು ನೋಡುತ್ತ ಕೇಳಿದಳು. ಮುಖದಲ್ಲಿ ಏನೂ ಕಾಣಲಿಲ್ಲ.

ಮುಗಿದ ಮೇಲೆ, "ಎಲ್ಲಿ ಜೋಡಿಸಿದ್ದು?" ಎಂದು ಪಿಸುಗುಟ್ಟಿದಳು.

"ಗೊತ್ತೇ ಆಗಲ್ಲ. ಹೆಡ್‌ಫೋನಮ್ಮ ಅಷ್ಟು ನಾಜೂಕಾಗಿ ಮಾಡಿದ್ದಾಳೆ." ಅವನಿಗೆ ಗೊತ್ತಿತ್ತು. ಪ್ರತಿ ಸಲ ಕೇಳುವಾಗಲೂ ಅಲ್ಲಿಗೆ ಬಂದಾಗ ಅವನ ಬೆರಳು ತಾನಾಗಿ ಬಿಗಿಯುತ್ತಿತ್ತು.

ಅವಳು ಹಾಡನ್ನು ಹಿಂದಕ್ಕೆಳೆದು ಮತ್ತೆ ಹಾಕಿದಳು. ಎರಡನೆಯ ಚರಣ ಬಂತು. ಸರಿಯಾಗಿ ಜೋಡಿಸಿದ್ದ ಉಸಿರಿನ ಜಾಗದಲ್ಲಿ ಬೆರಳಿಂದ ಮೇಜು ಕುಟ್ಟಿ, "ಇಲ್ಲಿ. ಇಲ್ಲಿ ನೀನು ಹೆದರಿ ಸತ್ತಿದ್ದೆ," ಎಂದಳು.

ಆಮೇಲೆ ಅವಳ ಭುಜ ಕುಲುಕತೊಡಗಿತು. ತಲೆ ತಗ್ಗಿತ್ತು, ಕೂದಲು ಮುಖದ ಮೇಲೆ ಬಿದ್ದಿತ್ತು, ಸದ್ದೇ ಇರಲಿಲ್ಲ. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ. ಕುರ್ಚಿಯಿಂದ ಎದ್ದು, ಮೇಜು ಸುತ್ತಿ ಬಂದು, ಮಂಡಿಯೂರಿ ಕೂತು, ಅವಳ ಕೂದಲು ಸರಿಸಿ ಮುಖ ನೋಡಿದ.